ಒರತೆಯಲ್ಲಿ ಅರಳುವ ಬಿಳಿ ಹೂ

ಇನ್ನಂಜೆ
9–9–1957

ಪ್ರೀತಿಯ ಸರಸ,

ನಿನ್ನ ಅಮ್ಮ ಅಪ್ಪಿಯವರು ಕಾಪುವಿನಿಂದ ಮೀನಿನ ಬುಟ್ಟಿ ಹೊತ್ತು ನಮ್ಮ ಅಂಗಳಕ್ಕೆ ಬಂದಾಗಲೆಲ್ಲ ಮೊದಲು ನಿನ್ನ ಸುದ್ದಿ, ಆಮೇಲೆ ಬಂಗುಡೆಯ ಸುದ್ದಿ. "ನನ್ನ ಮಗಳು ಮದ್ರಾಸಿನಲ್ಲಿ ಸೊಪ್ಪು ಕಲಿಯುತ್ತಾಳೆ" ಎಂದು ಎಲ್ಲರ ಹತ್ತಿರ ಹೇಳುತ್ತಾರೆ. ಸಸ್ಯಶಾಸ್ತ್ರ ಎಂದು ನಾನು ತಿದ್ದಿದರೆ, "ಅದೇ ಅಲ್ವಾ ಟೀಚರೇ" ಎನ್ನುತ್ತಾರೆ. ಆ ಸೊಪ್ಪಿನ ವಿಷಯಕ್ಕೇ ಈ ಕಾಗದ.

ನಿನ್ನೆ ಮೊಂತಿ ಹಬ್ಬ. ಮಾತೆ ಮರಿಯಮ್ಮನಿಗೆ ಅರ್ಪಿಸಲು ನಮ್ಮ ಶಾಲೆಯ ಮಕ್ಕಳು ಗುಡ್ಡ ಗದ್ದೆಯೆಲ್ಲ ತಿರುಗಿ ಹೂ ಕೊಯ್ದು ತರುವುದು ನಿನಗೆ ನೆನಪಿರಬಹುದು. ಒಂದು ಬುಟ್ಟಿಯ ತಳದಲ್ಲಿ ನನಗೆ ಗುರುತೇ ಇಲ್ಲದ ಒಂದು ಹೂ ಸಿಕ್ಕಿತು. ಇಷ್ಟು ವರ್ಷ ಇದೇ ಶಾಲೆಯಲ್ಲಿ ಪುಷ್ಪದಳ, ಕೇಸರ ಎಂದು ಕಲಿಸುತ್ತಾ ಬಂದವಳು ನಾನು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ನಿಮ್ಮದೇ ಗದ್ದೆಯಲ್ಲಿ" ಎಂದವು ಮಕ್ಕಳು!

ನಮ್ಮ ದೊಡ್ಡ ಗದ್ದೆಯ ಮೇಲುಗಡೆ, ಮುರಕಲ್ಲಿನ ಬೋಳು ಗುಡ್ಡ, ನಮ್ಮ ಪದವು, ಇಳಿದು ಮುಗಿಯುವಲ್ಲಿ, ಒಂದು ಪಟ್ಟಿ ಜಾಗ ಉಂಟು. ಮಳೆಗಾಲದಿಂದ ಕ್ರಿಸ್ಮಸ್‌ವರೆಗೂ ಅಲ್ಲಿ ಕಲ್ಲಿನ ಸಂದಿನಿಂದ ನೀರು ಒಸರುತ್ತಲೇ ಇರುತ್ತದೆ. ಬೆಳೆ ಬಾರದ ಬಡ ಮಣ್ಣು. ಎಮ್ಮೆಗಳು ಹೊರಳುತ್ತವೆ, ಅಷ್ಟೆ. ಸಂಜೆ ಸೀರೆ ಎತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದೆ. ಮೊದಲು ಏನೂ ಕಾಣಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತ ಮೇಲೆ ಕಂಡಿತು, ಸರಸ. ನೂಲಿನಂಥ ದಂಟುಗಳ ತುದಿಯಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಹೂಗಳು. ಗಂಟಲಲ್ಲಿ ಒಂದು ಹಳದಿ ಚುಕ್ಕೆ. ಹಿಂದೆ ಮುಳ್ಳಿನಂಥ ಬಾಲ. ಎಲೆಯೇ ಇಲ್ಲ. ಕೆಳಗೆ ನೀರು ಮಿನುಗುತ್ತಿತ್ತು, ಮೇಲೆ ಅವು ಗಾಳಿಯಲ್ಲಿ ಹಿಡಿತವೇ ಇಲ್ಲದಂತೆ ನಿಂತಿದ್ದವು. ನಾನು ಹುಟ್ಟಿದ ಮನೆಯ ಹಿಂದೆಯೇ ಇದು ಇತ್ತಲ್ಲ! ಬಗ್ಗಿ ನೋಡಲು ನನಗೆ ಇಷ್ಟು ವರ್ಷ ಬೇಕಾಯಿತು.

ಎರಡು ಹೂ ಒಣಗಿಸಿ ಇದರೊಳಗೆ ಇಟ್ಟಿದ್ದೇನೆ. ಇದು ಯಾವುದು, ನೋಡಿ ಹೇಳು.

ನಿನ್ನ
ಕ್ಲಾರಾ ಟೀಚರ್


ಮದ್ರಾಸು
2–10–1957

ಪೂಜ್ಯ ಕ್ಲಾರಾ ಟೀಚರಿಗೆ,

ಸರಸಳ ನಮಸ್ಕಾರಗಳು. ನಿಮ್ಮ ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದೆವು. ನಮ್ಮ ಪ್ರೊಫೆಸರ್ ಅದನ್ನು ನೋಡಿ ಮಧ್ಯಾಹ್ನದ ಊಟಕ್ಕೆ ಹೋಗುವುದನ್ನೇ ಮರೆತರು.

ಟೀಚರೇ, ಇದು ಹುಳ ಹಿಡಿದು ತಿನ್ನುವ ಗಿಡ. ಎಲೆಗಳಿಲ್ಲ ಎಂದಿರಲ್ಲ, ಅವು ಉಂಟು, ಕೆಸರಿನೊಳಗೆ ಕೂದಲಿನಷ್ಟು ತೆಳ್ಳಗೆ. ಆ ಕೂದಲುಗಳ ಮೇಲೆ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ಒಂದೊಂದು ಚೀಲಕ್ಕೂ ಒಂದು ಬಾಗಿಲು. ನೀರಿನ ಹುಳು ಬಂದು ಬಾಗಿಲಿನ ರೋಮ ಮುಟ್ಟಿತೋ, ಬಾಗಿಲು ಒಳಕ್ಕೆ ತೆರೆದು ನೀರಿನ ಜೊತೆ ಹುಳುವನ್ನು ಎಳೆದುಕೊಂಡು ಮುಚ್ಚಿಬಿಡುತ್ತದೆ. ನಾವು ಕಣ್ಣು ಮಿಟುಕಿಸುವುದರೊಳಗೆ ಆಗಿಹೋಗುತ್ತದಂತೆ. ಬಡ ಮಣ್ಣಿನಲ್ಲಿ ಸಿಗದ ಸಾರವನ್ನು ಹೀಗೆ ಪಡೆಯುವುದು.

ಈ ಜಾತಿಯ ನೀಲಿ ಹೂಗಳು ನಮ್ಮ ಗದ್ದೆಗಳಲ್ಲಿ ಸಾಕಷ್ಟು ಉಂಟು. ಆದರೆ ನಿಮ್ಮ ಬಿಳಿ ಹೂವಿಗೆ ಹೊಂದುವುದು ಇಲ್ಲಿ ಒಣಗಿದ ಗಿಡಗಳನ್ನು ಅಂಟಿಸಿಟ್ಟ ಹಾಳೆಗಳಲ್ಲಿ ಸಿಕ್ಕಿಲ್ಲ. ಯಾರೂ ಹೆಸರಿಡದ ಹೂ ಆಗಿರಬಹುದು ಎಂದು ಪ್ರೊಫೆಸರ್ ಹೇಳುತ್ತಾರೆ. ದಯವಿಟ್ಟು ಕೆಸರು ಸಮೇತ ಕಿತ್ತು, ಆಸ್ಪತ್ರೆಯ ಕಂಪೌಂಡರರ ಹತ್ತಿರ ಸ್ಪಿರಿಟ್ ಕೇಳಿ ಸೀಸೆಯಲ್ಲಿ ಹಾಕಿ ಕಳಿಸಿ. ಒಂದು ಭೂತಗನ್ನಡಿಯನ್ನು ಬೇರೆ ಪಾರ್ಸೆಲಿನಲ್ಲಿ ಕಳಿಸುತ್ತಿದ್ದೇನೆ. ನೀವೂ ನೋಡಬೇಕು.

ನಿಮ್ಮ ವಿದ್ಯಾರ್ಥಿನಿ
ಸರಸ


ಇನ್ನಂಜೆ
17–11–1957

ಪ್ರೀತಿಯ ಸರಸ,

ಸೀಸೆ ತಲುಪಿರಬಹುದು. ನಾನು ನೋಡಿದೆ!

ಬಿಳಿ ಪಿಂಗಾಣಿ ಬಸಿಯಲ್ಲಿ ನೀರು ಹಾಕಿ ಕೆಸರನ್ನು ಮೆಲ್ಲನೆ ತೊಳೆದೆ. ಕೂದಲು ಕಾಣಿಸಿತು, ಕೂದಲಿನ ಮೇಲೆ ಚೀಲಗಳು ಕಾಣಿಸಿದವು, ಒಂದರೊಳಗೆ ಕಪ್ಪಗೆ ಏನೋ ಮಿಸುಕಿತು. ಮೇಲೆ ಚರ್ಚಿನ ಅಲ್ತಾರಿನ ಹೂವಿನಂತೆ ನಿಂತಿರುವುದು, ಕೆಳಗೆ ಕತ್ತಲಲ್ಲಿ ಹೀಗೆ ಬಾಗಿಲು ಹಾಕಿಕೊಂಡು ಬೇಟೆ ಕಾಯುವುದು. ಎರಡೂ ಒಂದೇ ಗಿಡ. ದೇವರು ಇದನ್ನು ಮಾಡುವಾಗ ಎಷ್ಟು ಹತ್ತಿರದಿಂದ ಬಗ್ಗಿ ನೋಡಿರಬೇಕು ಎಂದು ಅನಿಸಿತು.

ಅಣ್ಣ ಕಜೆಟನ್ ಗದ್ದೆಯಿಂದ ಬಂದವನು ಬಸಿ ನೋಡಿ, "ಎಂತ ಅದು, ಚಹಾ ಕುಡಿಯುವ ಬಸಿಯಲ್ಲಿ ಕೆಸರು?" ಎಂದ.

"ಇದು ಹುಳ ತಿನ್ನುವ ಹೂ."

"ಹುಳ ತಿನ್ನುವುದಾ? ಹಾಗಾದರೆ ನನ್ನ ಭತ್ತದ ಹುಳ ತಿನ್ನಲಿ ಮಾರಾಯ್ತಿ, ನಾನೇ ನೀರು ಹಾಕುತ್ತೇನೆ" ಎಂದು ನಕ್ಕ. ಒಳ್ಳೆಯವನು. ಆದರೆ ಅವನ ತಲೆಯಲ್ಲಿ ಬೇರೆ ಲೆಕ್ಕ. ಗ್ರಾಮಸೇವಕರು ಬಂದು ಜಪಾನ್ ಪದ್ಧತಿಯ ಬೇಸಾಯ, ಹೊಸ ಬಿಳಿ ಗೊಬ್ಬರ ಎಲ್ಲ ವಿವರಿಸಿ ಹೋಗಿದ್ದಾರೆ. ಆ ಒರತೆಯ ನೀರನ್ನು ಕಣಿ ತೋಡಿ ಹರಿಸಿಬಿಟ್ಟರೆ ಅಲ್ಲಿಯೂ ಸುಗ್ಗಿ ಬೆಳೆ ತೆಗೆಯಬಹುದಂತೆ. ಅಕ್ಕಿ ಸಿಗದ ಕಾಲದಲ್ಲಿ ಅವನನ್ನು ತಪ್ಪು ಎನ್ನಲೂ ಬಾಯಿ ಬರುವುದಿಲ್ಲ.

ಕ್ಲಾರಾ


ಮದ್ರಾಸು
12–1–1958

ಪೂಜ್ಯ ಟೀಚರಿಗೆ,

ಕಣಿ ತೋಡಿಸಬೇಡಿ. ಕಾಲು ಹಿಡಿದು ಕೇಳುತ್ತೇನೆ. ಒಸರುವ ನೀರು ನಿಂತರೆ ಹೂ ನಿಂತಂತೆಯೇ. ಆ ಪಟ್ಟಿಗೆ ಸುತ್ತಲೂ ಗಟ್ಟಿ ಬೇಲಿ ಹಾಕಿಸಿ. ಎಮ್ಮೆ ಕಾಲಿಡಬಾರದು, ಹಬ್ಬಕ್ಕೆ ಮಕ್ಕಳು ಕೊಯ್ಯಬಾರದು. ನಿಮ್ಮ ಸೀಸೆಯ ಗಿಡವನ್ನು ಬಿಡಿಸಿ ಚಿತ್ರ ಬರೆಯುತ್ತಿದ್ದೇನೆ. ಬರುವ ಸೆಪ್ಟೆಂಬರಿನಲ್ಲಿ ನಾನೇ ಬರುತ್ತೇನೆ. ಇಲ್ಲಿ ಸ್ಪಿರಿಟಿನಲ್ಲಿ ಅದರ ಬಿಳುಪೆಲ್ಲ ಹೋಗಿ ಕಂದಾಗಿದೆ. ಜೀವ ಇರುವಾಗ ಅದು ಹೇಗಿರುತ್ತದೆ ಎಂದು ಮಲಗುವಾಗಲೂ ಯೋಚಿಸುತ್ತೇನೆ.

ಕಜೆಟನ್ ಮಾಮ್ ಒಪ್ಪುತ್ತಾರೆ ಎಂದು ನನಗೆ ನಂಬಿಕೆ. ಅವರದು ದೊಡ್ಡ ಮನಸ್ಸು.

ಸರಸ


ಇನ್ನಂಜೆ
1–6–1958

ಪ್ರೀತಿಯ ಸರಸ,

ಅಣ್ಣ ಒಪ್ಪಿದ. ಹೇಗೆ ಎಂದು ಕೇಳಬೇಡ, ಒಪ್ಪಿದ. ಮಳೆ ಬರುವ ಮೊದಲೇ ಬಿದಿರು ಮುಳ್ಳಿನ ಬೇಲಿ ಮುಗಿಯಿತು. ಮೂರು ಎಮ್ಮೆಗಳೂ ಬೇಲಿಯ ಹೊರಗೆ ನಿಂತು ನನ್ನನ್ನು ಅಪರಾಧಿಯಂತೆ ನೋಡುತ್ತವೆ. ಸೆಪ್ಟೆಂಬರಿಗೆ ನಿನಗಾಗಿ ಮೇಲಿನ ಕೋಣೆ ಗುಡಿಸಿ ಇಡುತ್ತೇನೆ. ಮನೆಗೆ ಹೋಗುವ ಮೊದಲು ಇಲ್ಲಿಗೆ ಬಾ.

ಕ್ಲಾರಾ


ಮದ್ರಾಸು
6–9–1958

ಟೀಚರಿಗೆ ನಮಸ್ಕಾರಗಳು.

ಈ ಸಲ ಬರಲು ಆಗುವುದಿಲ್ಲ. ಪ್ರಾಕ್ಟಿಕಲ್ ಕೆಲಸ ತುಂಬ ಉಂಟು. ಕ್ಷಮಿಸಿ. ಹೂ ಎಷ್ಟು ಬಂದಿದೆ ಎಂದು ತಿಳಿಸಿ.

ಸರಸ


ಇನ್ನಂಜೆ
20–10–1958

ಸರಸ,

ನಿನ್ನ ಕಾಗದ ತಲುಪಿತು, ಕಾಗದ ಎನ್ನುವುದಾದರೆ. ದೊಡ್ಡ ಊರಿನಲ್ಲಿ ಕೆಲಸಗಳು ದೊಡ್ಡವೇ ಇರುತ್ತವೆ.

ಹೂ ಕಡಿಮೆ. ಕಳೆದ ವರ್ಷ ಬಗ್ಗಿದಲ್ಲೆಲ್ಲ ಕಂಡಿತ್ತು, ಈಗ ಅಲ್ಲೊಂದು ಇಲ್ಲೊಂದು. ಮಳೆ ಹೆಚ್ಚಾದದ್ದಕ್ಕೋ ಏನೋ. ಅಣ್ಣ ಬೇಲಿಯ ಪಕ್ಕದಲ್ಲಿ ಹೋಗುವಾಗ ಮಾತ್ರ, ನನಗೆ ಕೇಳುವಂತೆ ಕೆಮ್ಮುತ್ತಾನೆ.

ಕ್ಲಾರಾ


ಇನ್ನಂಜೆ
28–10–1959

ಪ್ರೀತಿಯ ಸರಸ,

ವರ್ಷವಾಯಿತು, ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಾನು ಸಿಟ್ಟಿನಲ್ಲಿದ್ದೆ. ಇಂದು ಅಪ್ಪಿ ಬಂದಿದ್ದರು. ಎಷ್ಟೋ ತಿಂಗಳಿಂದ ಅವರು ಈ ದಾರಿಯಲ್ಲಿ ಬಂದಿರಲಿಲ್ಲ, ಬೇರೆ ಊರಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಬುಟ್ಟಿ ಇಳಿಸಿ ಜಗಲಿಯ ಕೆಳಗೆ ಕುಳಿತರು.

"ಮಗಳ ಕಾಲೇಜು ಹೇಗೆ ನಡೆಯುತ್ತದೆ?" ಎಂದು ಕೇಳಿದೆ. ಸ್ವಲ್ಪ ಚುಚ್ಚಿಯೇ ಕೇಳಿದೆ.

"ಎಂತ ಕಾಲೇಜು ಟೀಚರೇ. ಅದು ಬಿಟ್ಟು ವರ್ಷ ಕಳೆಯಿತಲ್ಲ. ಅವಳ ಅಪ್ಪನ ಸೊಂಟಕ್ಕೆ ದೋಣಿ ಬಡಿಯಿತು, ರಂಪಣಿ ಬಲೆ ಎಳೆಯುವಾಗ. ಆಮೇಲೆ ಅವರು ಎದ್ದು ನಿಂತದ್ದೇ ಈ ಚೌತಿಗೆ. ಅವಳು ಅಲ್ಲೇ ಒಂದು ಆಫೀಸಿನಲ್ಲಿ ಟೈಪ್ ಹೊಡೆಯುತ್ತಾಳೆ, ನಮಗೆ ಕಳಿಸುತ್ತಾಳೆ. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ನೀನು ಪ್ರಾಕ್ಟಿಕಲ್ ಎಂದು ಬರೆದಿದ್ದೆ. ನಾನು ಅದನ್ನು ಓದಿ ದೊಡ್ಡ ಊರು, ದೊಡ್ಡ ಕೆಲಸ ಎಂದು ಬರೆದಿದ್ದೆ. ಯಾಕೆ ಹೇಳಲಿಲ್ಲ, ಸರಸ? ನಾನು ಅಷ್ಟು ದೂರದವಳಾ?

ಇನ್ನೊಂದು ಸುದ್ದಿಯನ್ನೂ ಬರೆದೇ ತೀರಬೇಕು. ಈ ವರ್ಷ ಒಂದು ಹೂವೂ ಇಲ್ಲ. ಬೇಲಿಯೊಳಗೆ ಮೊಣಕಾಲಿನೆತ್ತರದ ಹುಲ್ಲು ಬೆಳೆದಿದೆ, ಕತ್ತಿಯಂಥ ಹುಲ್ಲು. ಬೆರಳಿನಿಂದ ಹುಲ್ಲನ್ನು ಸೀಳಿ ಸೀಳಿ ನೋಡಿದೆ. ಕೈ ಗೀರಿ ರಕ್ತ ಬಂತು, ಹೂ ಕಾಣಲಿಲ್ಲ.

ನಿನ್ನ
ಕ್ಲಾರಾ ಟೀಚರ್


ಮದ್ರಾಸು
9–11–1959

ಪೂಜ್ಯ ಟೀಚರಿಗೆ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿ, ಮೆಟ್ಟಿಲಿನ ಕೆಳಗೆ ನಿಂತು ಅತ್ತೆ. ಅಪ್ಪನಿಗಾಗಿಯೋ ಹೂವಿಗಾಗಿಯೋ ನನಗೇ ತಿಳಿಯಲಿಲ್ಲ.

ಹೇಳಿದ್ದರೆ ನೀವು ಏನಾದರೂ ಮಾಡಲು ಹೊರಡುತ್ತಿದ್ದಿರಿ. ನನಗೆ ಅದು ಬೇಡವಿತ್ತು. ಕಾಪುವಿನ ಕಡಪ್ಪುರದಿಂದ, ಮೀನುಗಾರರ ಕೇರಿಯಿಂದ, ಕಾಲೇಜಿಗೆ ಬಂದ ಹುಡುಗಿ ಅರ್ಧದಲ್ಲಿ ಬಿಟ್ಟಳು ಎಂದು ನಿಮ್ಮ ಬಾಯಿಯಿಂದ ಕೇಳುವ ಧೈರ್ಯವೂ ಇರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಆಫೀಸು ಮುಗಿದ ಮೇಲೆ ಪ್ರೊಫೆಸರ್ ನನ್ನನ್ನು ಒಣಗಿದ ಗಿಡಗಳ ಕೋಣೆಯಲ್ಲಿ ಕೂರಲು ಬಿಡುತ್ತಾರೆ. ನಿಮ್ಮ ಹೂವಿನ ಚಿತ್ರ ಮುಗಿಸಿದ್ದೇನೆ. ಒಂದು ಗಿಡದ ಬಗ್ಗೆ ಇಷ್ಟು ತಿಳಿದು, ಅದನ್ನು ಒಮ್ಮೆಯೂ ನೋಡದೆ, ಅದು ಹೋಯಿತು ಎಂದು ಕೇಳುವುದೆಂದರೆ ಏನೆಂದು ಬರೆಯಲಿ.

ಏನು ತಪ್ಪಿತು ಎಂದು ಪ್ರೊಫೆಸರರಿಗೂ ಗೊತ್ತಿಲ್ಲ. ಅವರು ಸುಮ್ಮನೆ ಕನ್ನಡಕ ಒರೆಸಿದರು.

ಸರಸ


ಇನ್ನಂಜೆ
25–9–1960

ಸರಸ, ಸರಸ,

ಬಂದಿದೆ!

ಮೊದಲಿನಿಂದ ಹೇಳುತ್ತೇನೆ. ಜುಲೈಯಲ್ಲಿ, ಆಟಿಯ ಮಳೆಗೆ, ಬೇಲಿಯ ಒಂದು ಬದಿ ಕುಸಿಯಿತು. ನಾನು ಶಾಲೆಯಲ್ಲಿದ್ದಾಗ ಮೂರು ಎಮ್ಮೆಗಳೂ ಒಳಗೆ ನುಗ್ಗಿ, ಹುಲ್ಲೆಲ್ಲ ಮೇದು, ತುಳಿದು, ಹೊರಳಿ, ಆ ಜಾಗವನ್ನು ಕಲಸಿದ ಹಿಟ್ಟಿನಂತೆ ಮಾಡಿದ್ದವು. ನಾನು ಬಂದು ನೋಡಿ ಕೋಲು ತೆಗೆದುಕೊಂಡು ಅಟ್ಟಿಸಿಕೊಂಡು ಹೋದೆ. ಆಮೇಲೆ ಕೋಲು ಬಿಸಾಡಿ ಗದ್ದೆಯಂಚಿನ ಹುಣಿಯ ಮೇಲೆ ಕುಳಿತುಬಿಟ್ಟೆ. ಇನ್ನು ಕಾಯಲು ಏನೂ ಇಲ್ಲವಲ್ಲ ಎಂದು ಬೇಲಿ ಸರಿ ಮಾಡಿಸಲಿಲ್ಲ. ಎಮ್ಮೆಗಳು ದಿನಾ ಹೋದವು, ಬಂದವು.

ನಿನ್ನೆ ಬೆಳಿಗ್ಗೆ ಅಣ್ಣ ಬಾಗಿಲಲ್ಲಿ ನಿಂತು, "ಕ್ಲಾರಾ, ಸ್ವಲ್ಪ ಬಾ" ಎಂದ. ಅವನ ಸ್ವರ ಬೇರೆಯಾಗಿತ್ತು. ಹಿಂದೆಯೇ ಹೋದೆ.

ಎಮ್ಮೆ ಕಾಲಿಟ್ಟಲ್ಲೆಲ್ಲ ಗೊರಸಿನ ಗುಳಿಗಳು. ಗುಳಿಗಳಲ್ಲಿ ಒರತೆಯ ನೀರು. ಒಂದೊಂದು ಗುಳಿಯ ಸುತ್ತಲೂ, ಅಂಚಿನಲ್ಲಿ, ನಡುವಿನಲ್ಲಿ, ಬಿಳಿ ಹೂ. ಪದವಿನ ಬುಡದಿಂದ ಗದ್ದೆಯ ಹುಣಿಯವರೆಗೆ. ಆಗಷ್ಟೇ ಬಿಸಿಲು ಬೀಳುತ್ತಿತ್ತು. ಒಂದು ಸಣ್ಣ ಗಾಳಿ ಬಂದು ಅವೆಲ್ಲ ಒಟ್ಟಿಗೆ ಬಾಗಿ ಒಟ್ಟಿಗೆ ಎದ್ದವು. ನಾನು ಶಿಲುಬೆಯ ಗುರುತು ಹಾಕಿಕೊಂಡೆ, ಸರಸ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಕಾಣದ ಆ ವರ್ಷವೆಲ್ಲ ಅದರ ಬೀಜ ಮಣ್ಣಿನಲ್ಲಿಯೇ ಇತ್ತು. ಹುಲ್ಲಿನ ನೆರಳು ತೆಗೆಯುವವರಿಗಾಗಿ ಕಾದಿತ್ತು. ಬೇಲಿ ಹಾಕಿ ನಾವು ಕಾಯ್ದದ್ದು ಹೂವನ್ನಲ್ಲ, ಹುಲ್ಲನ್ನು!

"ಅಲ್ಲಿ ನೋಡು" ಎಂದ ಅಣ್ಣ. ಗದ್ದೆಯ ಪಕ್ಕದ ಮೂಲೆಯಲ್ಲಿ ಒಂದು ತುಂಡು ಜಾಗ ಕಡು ಹಸಿರಾಗಿತ್ತು, ಬರೀ ಹುಲ್ಲು, ಹೂವಿಲ್ಲ. "ಆ ಪಕ್ಕದ ಮೇಲಿನ ಗದ್ದೆಗೆ ಬಿಳಿ ಗೊಬ್ಬರ ಹಾಕಿದ್ದೆನಲ್ಲ, ಅದರ ನೀರು ಇಲ್ಲಿಗೇ ಇಳಿಯುತ್ತದೆ. ಎಮ್ಮೆ ತಿಂದಷ್ಟೂ ಇಲ್ಲಿ ಹುಲ್ಲು ಏಳುತ್ತದೆ."

ಗೊಬ್ಬರ ಬೇಡ ಎನ್ನಲು ನಾನು ಯಾರು? ಮಧ್ಯಾಹ್ನ ಅವನು ಹಾರೆ ಹಿಡಿದು ಹೋಗಿ ಮೇಲಿನ ಗದ್ದೆಯ ನೀರಿನ ಬಾಯಿಯನ್ನು ಮುಚ್ಚಿ, ಆಚೆ ಬದಿಯ ತೋಡಿಗೆ ತೆರೆದ. ಊಟಕ್ಕೆ ಬಂದಾಗ, "ನೀರು ಯಾವ ಬದಿಯಿಂದ ಹೋದರೂ ಗದ್ದೆಗೆ ಒಂದೇ" ಎಂದ, ಅಷ್ಟೆ.

ಬೇಗ ಬಾ. ಡಿಸೆಂಬರ್‌ವರೆಗೆ ಇರುತ್ತದೆ.

ಕ್ಲಾರಾ


ಮದ್ರಾಸು
23–10–1960

ಪೂಜ್ಯ ಟೀಚರಿಗೆ,

ನಿಮ್ಮಲ್ಲಿಂದ ಹೊರಟು ಇಲ್ಲಿಗೆ ಬಂದು ತಲುಪಿದೆ. ರೈಲಿನಲ್ಲಿ ಕಣ್ಣು ಮುಚ್ಚಿದರೆ ಬಿಳಿ, ತೆರೆದರೆ ಬಿಳಿ.

ಅದರ ಪಕ್ಕದಲ್ಲಿ ಕೆಸರಿನಲ್ಲಿ ಮಲಗಿ ನಾನು ಅಷ್ಟು ಹೊತ್ತು ಏಳಲಿಲ್ಲವೆಂದು ನಿಮಗೆ ಬೇಸರವಾಯಿತೋ ಏನೋ. ಎರಡು ವರ್ಷ ನಾನು ಬರೆದ ಚಿತ್ರದಲ್ಲಿ ಎಲ್ಲವೂ ಸರಿಯಾಗಿತ್ತು. ದಳ, ಬಾಲ, ಚೀಲ, ಬಾಗಿಲು. ಆದರೆ ಅದು ಅಲುಗುತ್ತದೆ ಎಂಬುದು ಅದರಲ್ಲಿರಲಿಲ್ಲ. ಒಂದು ಇರುವೆ ಹತ್ತಿದರೂ ದಂಟು ಬಾಗುತ್ತದೆ. ಅಷ್ಟು ಸಣ್ಣದು ಅಷ್ಟು ಮಳೆಯನ್ನು ತಡೆದು ನಿಂತದ್ದು ಹೇಗೆ?

ಟೀಚರೇ, ಕಜೆಟನ್ ಮಾಮ್ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ, ನಾನು ಅವರ ದೊಡ್ಡ ಮನಸ್ಸನ್ನು ಹೊಗಳಿದೆ. ಅವರು ಮುಖ ಆಚೆ ತಿರುಗಿಸಿ, "ನನ್ನದೆಂತ ಮನಸ್ಸು. ಅಮ್ಮ ಕ್ಲಾರಾಳ ಪಾಲಿಗೆ ಬಿಟ್ಟ ಮಲ್ಲಿಗೆ ಹಿತ್ತಲನ್ನು ನನಗೆ ಬರೆದುಕೊಟ್ಟು ಆ ಕೆಸರು ತೆಗೆದುಕೊಂಡಳು. ನಾನು ತೆಗೆದುಕೊಂಡೆ. ಆಗ ಅವಳಿಗೆ ಮರುಳು ಎಂದುಕೊಂಡಿದ್ದೆ" ಎಂದರು. ದಿನ ಬೆಳಗಾದರೆ ಮಾರುಕಟ್ಟೆಗೆ ಹೋಗುವ ಮಲ್ಲಿಗೆ! ನಿಮ್ಮ ಮುಪ್ಪಿಗೆ ಆಧಾರ ಅದೇ ಅಲ್ಲವೇ? ನಾನು ಹೇಳಲಿಲ್ಲ ಎಂದು ಗದರಿದ ನೀವು ಇದನ್ನು ಯಾಕೆ ಹೇಳಲಿಲ್ಲ?

ಪ್ರೊಫೆಸರರಿಂದ ಎರಡು ಸುದ್ದಿ. ಇದು ಹೊಸ ಹೂವಲ್ಲ. ಬೇರೆ ಊರಿನ ಸಂಗ್ರಹದಿಂದ ಒಂದು ಹಳೆಯ ಹಾಳೆ ತರಿಸಿದ್ದಾರೆ. ಬಹಳ ಹಿಂದೆ ಯಾರೋ ಇಂಗ್ಲಿಷ್ ದೊರೆ ಘಟ್ಟದ ಮೇಲೆ ಒಂದು ಜೌಗಿನಲ್ಲಿ ಕಿತ್ತದ್ದು, ಅದೇ ಹೂ. ಹೆಸರಿಡುವ ಭಾಗ್ಯ ನಮಗಿಲ್ಲ. ಕೇಳಿ ಸಪ್ಪೆಯಾದೆ. ಆಮೇಲೆ ಅವರು ಎರಡನೆಯದನ್ನು ಹೇಳಿದರು. ಆ ಜೌಗು ಈಗ ಚಹಾ ತೋಟ. ಅವರೇ ಹೋಗಿ ಹುಡುಕಿ ಬಂದಿದ್ದಾರೆ, ಅಲ್ಲಿ ಇಲ್ಲ. ಬೇರೆಲ್ಲಿಯೂ ಯಾರೂ ಕಂಡಿಲ್ಲ. ಸದ್ಯಕ್ಕೆ ಅವರಿಗೆ ತಿಳಿದಂತೆ ಈ ಭೂಮಿಯ ಮೇಲೆ ಅದು ಇರುವುದು ನಿಮ್ಮ ಮೂರು ಎಮ್ಮೆಗಳ ಕಾಲಬುಡದಲ್ಲಿ.

ಸರಸ


ಇನ್ನಂಜೆ
6–1–1961

ಪ್ರೀತಿಯ ಸರಸ,

ನಿನ್ನ ಕಾಗದದ ಕೊನೆಯ ಸಾಲು ಓದಿದ ದಿನದಿಂದ ಆ ಕಡೆ ಕಾಲಿಡಲು ಹೆದರಿಕೆಯಾಗುತ್ತದೆ. ಅಣ್ಣನಿಗೆ ಓದಿ ಹೇಳಿದೆ. ಅವನು ಎದ್ದು ಹಟ್ಟಿಗೆ ಹೋಗಿ ಎಮ್ಮೆಗಳನ್ನು ನೋಡಿ ಬಂದ.

ಮಲ್ಲಿಗೆಯ ವಿಷಯ ಬಿಡು. ಮಲ್ಲಿಗೆಗೆ ಈ ಊರಿನಲ್ಲಿ ದಿಕ್ಕಿಲ್ಲವಾ? ಪ್ರತಿ ಮನೆಯಲ್ಲೂ ಅದನ್ನು ನೋಡಿಕೊಳ್ಳುವವರಿದ್ದಾರೆ.

ನನಗೆ ಬೇರೆ ಚಿಂತೆ. ಒಂದೇ ಜಾಗದಲ್ಲಿ ಇರುವುದು ಒಂದು ಕಣಿ ತೋಡಿದರೆ ಹೋಯಿತು. ನಾನೂ ಅಣ್ಣನೂ ಎಷ್ಟು ಕಾಲ? ಅದಕ್ಕೆ ಇನ್ನೊಂದು ಮನೆ ಮಾಡಿಕೊಡಲು ಆಗುತ್ತದಾ? ಕಾರ್ಕಳದಲ್ಲಿ, ಪೇಟೆಯಿಂದ ಆಚೆ, ದೊಡ್ಡ ಬಂಡೆಯೊಂದರ ಬುಡದಲ್ಲಿ ಇಂಥದೇ ಒರತೆ ನೋಡಿದ್ದೇನೆ. ಅಲ್ಲಿ ದನ ಮೇಯುತ್ತದೆ, ಮೇಲೆ ಗದ್ದೆಯಿಲ್ಲ. ಕಲ್ಲು ಒಡೆಯುವವರು ಇನ್ನೂ ಆ ಬದಿಗೆ ಬಂದಿಲ್ಲ.

ಕ್ಲಾರಾ


ಮದ್ರಾಸು
2–2–1961

ಪೂಜ್ಯ ಟೀಚರಿಗೆ,

ಆಗುತ್ತದೋ ಇಲ್ಲವೋ ಪ್ರೊಫೆಸರರಿಗೂ ಗೊತ್ತಿಲ್ಲ. ಗಿಡ ಕಿತ್ತು ನೆಡಬೇಡಿ, ಸಾಯುತ್ತದೆ. ಒಣಗಿದ ಗುಳಿಗಳಿಂದ ಮೇಲಿನ ಮಣ್ಣನ್ನು ಒಂದೆರಡು ಹಿಡಿ ಮಾತ್ರ ಕೆರೆದು ತೆಗೆಯಿರಿ. ಬೀಜ ಧೂಳಿನಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮಳೆ ಬರುವ ಮೊದಲು ಅಲ್ಲಿ ಉದುರಿಸಿ. ಆಮೇಲೆ ಕಾಯಬೇಕು.

ಅವರು ನನಗೆ ಆ ಒಣಗಿಡಗಳ ಕೋಣೆಯಲ್ಲಿಯೇ ಕೆಲಸ ಕೊಡಿಸಿದ್ದಾರೆ. ಬಿಟ್ಟ ಪರೀಕ್ಷೆಗೂ ಕಟ್ಟುತ್ತೇನೆ. ಈ ಸಲ ಎಲ್ಲವನ್ನೂ ಬರೆಯುತ್ತಿದ್ದೇನೆ, ನೋಡಿ.

ಸರಸ


ಇನ್ನಂಜೆ
14–10–1963

ಪ್ರೀತಿಯ ಸರಸ,

ನೀನು ಪಾಸಾದ ಸುದ್ದಿಯನ್ನು ನಿನ್ನ ಅಮ್ಮ ಬುಟ್ಟಿ ಇಳಿಸುವ ಮೊದಲೇ ಕೂಗಿ ಹೇಳಿದರು. ನನಗೆ ಒಂದು ಬಂಗುಡೆಯೂ ಹೆಚ್ಚಿಗೆ ಸಿಕ್ಕಿತು. ಆ ಸಂತೋಷದಲ್ಲಿಯೇ, "ನಾಳೆ ಕಾರ್ಕಳಕ್ಕೆ ಬರುತ್ತೀರಾ?" ಎಂದು ಕೇಳಿದೆ. ಅಲ್ಲಿ ಮಣ್ಣು ಉದುರಿಸಿದ ಮೇಲೆ ಎರಡು ವರ್ಷ ಹೋಗಿ ಬರಿಗೈಯಲ್ಲಿ ಬಂದಿದ್ದೆನಲ್ಲ. ಈ ಸಲ ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ. ಅಣ್ಣನೂ, "ನನಗೂ ಪೇಟೆಯಲ್ಲಿ ಕೆಲಸ ಉಂಟು" ಎಂದು ಹೊರಟ. ಅವನಿಗೆ ಯಾವ ಕೆಲಸವೂ ಇರಲಿಲ್ಲ.

ಬಂಡೆಯ ಬುಡಕ್ಕೆ ತಲುಪುವಾಗ ಬಿಸಿಲು ಇಳಿದಿತ್ತು. ಕಲ್ಲಿನ ಮೇಲಿಂದ ನೀರು ತೆಳ್ಳಗೆ ಹರಿದು ಕೆಳಗಿನ ಮರಳಿನಲ್ಲಿ ಹರಡುತ್ತಿತ್ತು. ಮೂವರೂ ಬಗ್ಗಿ ಹುಡುಕಿದೆವು. ನೀಲಿ ಹೂ ಇತ್ತು, ಹಳದಿ ಹೂ ಇತ್ತು. ನಾನು ಸೊಂಟ ಹಿಡಿದುಕೊಂಡು ನೆಟ್ಟಗಾದೆ. ಸಾಕು, ಹೋಗುವ ಎಂದೆ.

"ಟೀಚರೇ, ಇದಾ?" ಎಂದರು ಅಪ್ಪಿ.

ಒಂದೇ ಒಂದು. ದನದ ಗೊರಸಿನ ಗುಳಿಯ ಅಂಚಿನಲ್ಲಿ. ಬಂಡೆಯ ನೆರಳಿನಲ್ಲಿ ಅದೊಂದೇ ಬೆಳ್ಳಗೆ.

ಅಪ್ಪಿ ಸ್ವಲ್ಪ ಹೊತ್ತು ನೋಡಿ, "ಇಷ್ಟಕ್ಕೇನಾ ನನ್ನ ಮಗಳು ಅಷ್ಟು ವರ್ಷ ಮದ್ರಾಸಿನಲ್ಲಿ ಕೂತದ್ದು?" ಎಂದರು. ನಾನು ಭೂತಗನ್ನಡಿ ಕೊಟ್ಟು ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅವರು ಮರಳಿನಲ್ಲಿ ಕುಳಿತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಹತ್ತಿರ ತಂದರು. ಕನ್ನಡಿ ಇಳಿಸದೆಯೇ ಮೆಲ್ಲನೆ, "ಈ ಮಣ್ಣು ತನ್ನದು ಎಂದು ಇದಕ್ಕೆ ಗೊತ್ತಾದದ್ದು ಹೇಗೆ ಟೀಚರೇ?" ಎಂದು ಕೇಳಿದರು. ಉತ್ತರ ನಿನ್ನಲ್ಲಿ ಉಂಟಾದರೆ ಅಮ್ಮನಿಗೆ ಬರೆ.

ಅಣ್ಣ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವರ ಪಕ್ಕದಲ್ಲಿ ಮಂಡಿಯೂರಿದ. ನಾನೂ ಕುಳಿತೆ. ಕೆಳಗಿನ ರಸ್ತೆಯಲ್ಲಿ ನಮ್ಮ ಬಸ್ಸು ಹಾರ್ನ್ ಹೊಡೆದು, ಸ್ವಲ್ಪ ಕಾದು, ಹೋದದ್ದು ಮೂವರಿಗೂ ಕೇಳಿಸಿತು. ಯಾರೂ ಏಳಲಿಲ್ಲ.

ಕ್ಲಾರಾ